ಚಾಲಕನ ಬಲಗೈ

ಕಳೆದ ಜನವರಿಯಲ್ಲಿ ಹಾಸನದಿಂದ ಬೆಂಗಳೂರಿಗೆ ಬರುವ ಕೆಂಪು ಬಸ್ಸಿನಲ್ಲಿ ನನಗೆ ಸಿಕ್ಕಿದ್ದು ಡ್ರೈವರ್ ಪಕ್ಕದ, ಇಂಜಿನ್ ಬಿಸಿ ತಾಗುವ ಉದ್ದ ಸೀಟು. ಹನ್ನೊಂದು ಗಂಟೆಯ ಬಸ್ಸು. ಚನ್ನರಾಯಪಟ್ಟಣ ದಾಟುವವರೆಗೂ ರಸ್ತೆ ನೋಡುತ್ತಿದ್ದೆ. ಆಮೇಲೆ ಕಣ್ಣು ಡ್ರೈವರ್ ಕೈಗಳ ಮೇಲೆ ಕೂತುಬಿಟ್ಟಿತು. ಸ್ಟಿಯರಿಂಗ್ ಹಿಡಿದ ಎರಡೂ ಕೈ ಒಬ್ಬರವೇ ಎಂದು ನಂಬುವುದು ಕಷ್ಟವಿತ್ತು. ಗೇರು ಬದಲಿಸುವ ಎಡಗೈ ನಲವತ್ತೈದರ ಆಸುಪಾಸಿನ ಗಂಡಸಿನ ಕೈ. ಎಣ್ಣೆಗೆಂಪು, ಬಿಗಿ, ನಯ. ಕಿಟಕಿಯ ಕಡೆಯ ಬಲಗೈ ಮೊಣಕೈಯಿಂದ ಕೆಳಗೆ ಇದ್ದಿಲ ಬಣ್ಣ. ಮೇಲೆಲ್ಲ ಎಳ್ಳು ಚೆಲ್ಲಿದಂತೆ ಚುಕ್ಕೆ, ಮಣಿಕಟ್ಟಿನ ಸುತ್ತ ನೀರು ಬತ್ತಿದ ಕೆರೆಯಂಗಳದ ಹಾಗೆ ಗೆರೆಗೆರೆ.

ಯಡಿಯೂರಿನ ಹತ್ತಿರ ಟೀಗೆ ನಿಲ್ಲಿಸಿದಾಗ ಅವರೇ ಕೇಳಿದರು. "ಏನ್ ಸಾರ್, ಆಗ್ಲಿಂದ ನನ್ ಕೈನೇ ನೋಡ್ತಿದ್ದೀರಿ?" ಕದ್ದು ಸಿಕ್ಕಿಬಿದ್ದವನ ಹಾಗೆ ಇದ್ದದ್ದನ್ನು ಹೇಳಿದೆ. ಅವರು ಎರಡೂ ಕೈಯನ್ನು ಟೇಬಲ್ಲಿನ ಮೇಲೆ ಜೋಡಿಸಿಟ್ಟು ನಕ್ಕರು. "ಇಪ್ಪತ್ತೆರಡು ವರ್ಷ ಸರ್ವೀಸು ಸಾರ್. ಈ ಕೈ ನಂದು, ಈ ಕೈ ನಮ್ಮಪ್ಪಂದು."

ಹಾಸನದಿಂದ ಬೆಂಗಳೂರಿಗೆ ರಸ್ತೆ ಹೆಚ್ಚುಕಡಿಮೆ ಪೂರ್ವಕ್ಕೆ ಹೋಗುತ್ತದೆ. ಆ ದಿಕ್ಕಿನಲ್ಲಿ ಡ್ರೈವರ್ ಬಲಗೈ ದಕ್ಷಿಣಕ್ಕೆ. ಚಳಿಗಾಲದ ಸೂರ್ಯ ಬಾಗಿ ನಡೆಯುವುದೂ ಆ ಕಡೆಯಿಂದಲೇ. ಒಂದು ದಿನದ ಬಿಸಿಲು ಏನೂ ಮಾಡದು. ಹತ್ತು ದಿನದ್ದೂ ಮಾಡದು. ಇಪ್ಪತ್ತೆರಡು ವರ್ಷ ಅದೇ ಕಿಟಕಿಯಿಂದ ಬಂದು ಅದೇ ಕೈ ಮೇಲೆ ಬಿದ್ದರೆ ಅಪ್ಪನ ಕೈ ಮಗನಿಗೆ ಬರುತ್ತದೆ. ವೈದ್ಯಲೋಕದಲ್ಲಿ ಇಂಥದೇ ಒಂದು ಹೆಸರಾದ ಫೋಟೋ ಇದೆ. 2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿದ್ದು. 28 ವರ್ಷ ಸರಕಿನ ಟ್ರಕ್ ಓಡಿಸಿದ 69 ವರ್ಷದ ಒಬ್ಬರ ಮುಖ. ಅಮೆರಿಕದಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ಆ ಮುಖದ ಎಡಗೆನ್ನೆ ದಪ್ಪಗಾಗಿ ಜೋತು, ಆಳವಾಗಿ ಸುಕ್ಕುಗಟ್ಟಿದೆ. ಬಲಗೆನ್ನೆ ಅವರ ತಮ್ಮನದೋ ಏನೋ ಅನ್ನಿಸುತ್ತದೆ. ಊಟ, ನಿದ್ದೆ, ಚಿಂತೆ, ವಯಸ್ಸು ಎಲ್ಲ ಎರಡೂ ಕೆನ್ನೆಗೆ ಒಂದೇ ಆಗಿತ್ತು. ಬೇರೆಯಾಗಿದ್ದದ್ದು ಕಿಟಕಿ.

ಗಾಜು ಹಾಕಿದ್ದರೂ ಇದು ತಪ್ಪುತ್ತಿರಲಿಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಎರಡು ಬಗೆಯ ಕಿರಣ ಚರ್ಮಕ್ಕೆ ತಾಗುತ್ತವೆ. ಯುವಿ-ಬಿ ಎಂಬುದು ಮೇಲ್ಪದರವನ್ನು ಸುಡುತ್ತದೆ, ಉರಿ ಕೊಡುತ್ತದೆ, ಸಾಮಾನ್ಯ ಗಾಜು ಅದನ್ನು ಬಹುಪಾಲು ತಡೆಯುತ್ತದೆ. ಯುವಿ-ಎ ಹಾಗಲ್ಲ. ಪಕ್ಕದ ಕಿಟಕಿಯ ಗಾಜಿನಲ್ಲಿ ನುಸುಳಿ ಬಂದು, ಉರಿಯದೆ, ಸದ್ದಿಲ್ಲದೆ ಒಳಪದರಕ್ಕೆ ಇಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಎಳೆಗಳನ್ನು ಒಂದೊಂದಾಗಿ ಸಡಿಲಿಸುತ್ತದೆ. ಉರಿದಿದ್ದರೆ ಮನುಷ್ಯ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಆ ಕೈ ನೋಡಿದ ಮೇಲೆ ನಾನು ಮನೆಯಲ್ಲಿ ಕೂತು ಓದಿದ್ದರಲ್ಲಿ ಮನಸ್ಸಿಗೆ ಹಿಡಿದದ್ದು ಆಸ್ಟ್ರೇಲಿಯಾದ ನಂಬೂರ್ ಎಂಬ ಸಣ್ಣ ಊರಿನ ಕಥೆ. ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಆ ಊರಲ್ಲಿ 1992ರಿಂದ ನಾಲ್ಕೂವರೆ ವರ್ಷ ಒಂದು ಪ್ರಯೋಗ ನಡೆಯಿತು. ಊರವರಲ್ಲಿ ಒಂದು ಗುಂಪಿಗೆ ಸನ್‌ಸ್ಕ್ರೀನ್ ಕೊಟ್ಟು ದಿನಾ ಹಚ್ಚಿಕೊಳ್ಳಿ ಎಂದರು. ಇನ್ನೊಂದು ಗುಂಪಿಗೆ ನಿಮಗೆ ಬೇಕೆನಿಸಿದಾಗ ಹಚ್ಚಿಕೊಳ್ಳಿ ಎಂದರು. 55 ವರ್ಷದೊಳಗಿನ 903 ಜನರ ಚರ್ಮದ ಅಚ್ಚು ತೆಗೆದು ಹೋಲಿಸಿದ ಫಲಿತಾಂಶ 2013ರಲ್ಲಿ ಬಂತು. ದಿನಾ ಹಚ್ಚಿದವರ ಚರ್ಮದ ಮುಪ್ಪು ಉಳಿದವರಿಗಿಂತ ನೂರಕ್ಕೆ 24ರಷ್ಟು ಕಡಿಮೆ. ಅವರು ಬಿಳಿಯರು, ನಮ್ಮ ತೊಗಲಿಗೆ ಮೆಲನಿನ್ ಎಂಬ ಕೊಡೆ ಹುಟ್ಟಿನಿಂದಲೇ ಇದೆ, ಅದನ್ನು ಮರೆಯಬಾರದು. ಆದರೆ ನನ್ನ ಗಮನ ಹೋದದ್ದು ಕ್ರೀಮಿನ ಕಡೆಗಲ್ಲ. ಎರಡೂ ಗುಂಪಿನ ನಡುವೆ ಇದ್ದ ಅಂತರ 'ದಿನಾ' ಎಂಬ ಎರಡಕ್ಷರ.

ಅದೇ ಎರಡಕ್ಷರವನ್ನು ತಪ್ಪಾಗಿ ಅರ್ಥಮಾಡಿಕೊಂಡರೆ ಏನಾಗುತ್ತದೆ ಎಂಬುದೂ ನಮ್ಮ ಮನೆಯಲ್ಲೇ ನಡೆಯಿತು.

ನನ್ನ ಅಕ್ಕನ ಮಗಳು ಕೆಲಸದ ಸಲುವಾಗಿ ಎರಡು ವರ್ಷದಿಂದ ನಮ್ಮ ಜೊತೆಗಿದ್ದಾಳೆ. ಬಚ್ಚಲ ಮನೆಯ ಕಿಟಕಿ ಕಟ್ಟೆಯಲ್ಲಿ ನನ್ನ ಶೇವಿಂಗ್ ಬ್ರಷ್ಷಿನ ಪಕ್ಕ ಮೊದಲು ಒಂದು ಸೀಸೆ ಬಂತು. ಆಮೇಲೆ ಮೂರು. ಯುಗಾದಿಯ ಹೊತ್ತಿಗೆ ಒಂಬತ್ತು. ಕಂದು ಗಾಜಿನ ಪುಟ್ಟ ಸೀಸೆಗಳು, ಮುಚ್ಚಳಕ್ಕೇ ಹನಿ ಹಾಕುವ ರಬ್ಬರ್ ತೊಟ್ಟು. ನೋಡಿದರೆ ಹೋಮಿಯೋಪತಿ ಡಾಕ್ಟರು ನಮ್ಮ ಬಚ್ಚಲಲ್ಲೇ ಶಾಪು ತೆರೆದ ಹಾಗೆ. ಒಂದು ತೊಳೆಯಲು, ಒಂದು ಸತ್ತ ಚರ್ಮ ಕಿತ್ತುಹಾಕಲು, ಒಂದು ಹೊಳಪಿಗೆ, ಒಂದು ರಂಧ್ರಕ್ಕೆ, ಒಂದು ಹಿಂದಿನದರ ಉರಿ ಆರಿಸಲು. ಕೊರಿಯಾದಲ್ಲಿ ಹತ್ತು ಹಂತವಂತೆ. ಇವಳು ಒಂಬತ್ತರಲ್ಲಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಮುಖ ಮುಚ್ಚಿಕೊಂಡೇ ಹೊರಗೆ ಬಂದಳು. "ಮಾವ, ನೀರು ಹಾಕಿದ್ರೂ ಉರೀತಿದೆ." ಕೆನ್ನೆ ಎರಡೂ ಕೆಂಡ. ಚರ್ಮದ ಡಾಕ್ಟರು ಸೀಸೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ಓದಿದರು. ಎರಡರಲ್ಲಿ ಆಮ್ಲ, ಒಂದರಲ್ಲಿ ಎ-ಜೀವಸತ್ವದ ಮದ್ದು, ಇನ್ನೊಂದರಲ್ಲಿ ಸಿ. ಒಂದೊಂದೂ ತನ್ನಷ್ಟಕ್ಕೆ ಒಳ್ಳೆಯದೇ. ನಾಲ್ಕೂ ಒಂದೇ ರಾತ್ರಿ ಒಂದೇ ಕೆನ್ನೆಯ ಮೇಲೆ ಬಂದು ಕೂತಿದ್ದವು. ಡಾಕ್ಟರು ಎಲ್ಲವನ್ನೂ ಚೀಲಕ್ಕೆ ತುಂಬಿ ವಾಪಸು ಕೊಟ್ಟು, "ಒಂದು ತಿಂಗಳು ಏನೂ ಬೇಡಮ್ಮ. ಮೆತ್ತಗೆ ತೊಳಿ, ತೇವಕ್ಕೆ ಒಂದು ಹಚ್ಚು, ಬಿಸಿಲಿಗೆ ಒಂದು ಹಚ್ಚು. ಮುಖಾನ ಅದರಪಾಡಿಗೆ ಬಿಡು" ಎಂದರು. ಫೀಸು ಕೊಟ್ಟು ಏನೂ ಬೇಡ ಅನ್ನಿಸಿಕೊಂಡು ಬಂದದ್ದು ನನಗೆ ಅದೇ ಮೊದಲು.

ಅದರಪಾಡಿಗೆ ಬಿಟ್ಟರೆ ಮುಖ ಏನು ಮಾಡುತ್ತದೆ? ಗೋಡೆ ಕಟ್ಟುತ್ತದೆ. ಚರ್ಮದ ಅತಿ ಮೇಲಿನ ಪದರ, ಅಂಗೈ ಅಂಗಾಲು ಬಿಟ್ಟರೆ, ದಿನಪತ್ರಿಕೆಯ ಹಾಳೆಗಿಂತ ತೆಳು. ಅದರಲ್ಲಿ ಸತ್ತು ಚಪ್ಪಟೆಯಾದ ಜೀವಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ಸಂದುಗಳಲ್ಲಿ ಜಿಡ್ಡಿನ ಅಂಶ ತುಂಬಿರುತ್ತದೆ. ಅಮೆರಿಕದ ಚರ್ಮತಜ್ಞ ಪೀಟರ್ ಎಲಯಾಸ್ ಇದನ್ನು ಇಟ್ಟಿಗೆ ಮತ್ತು ಗಾರೆಗೆ ಹೋಲಿಸಿದರು. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ಕೊಳೆ ಒಳಗೆ ಬರದಂತೆ ಕಾಯುವುದು ಈ ಗಾರೆ. ತಳದಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಏರಿ, ಇಟ್ಟಿಗೆಯಾಗಿ, ಕೊನೆಗೆ ಹೊಟ್ಟಿನಂತೆ ಉದುರಿಹೋಗಲು ಸುಮಾರು ನಾಲ್ಕರಿಂದ ಆರು ವಾರ. ವಯಸ್ಸಾದಂತೆ ಇನ್ನೂ ನಿಧಾನ. ಡಾಕ್ಟರು ಒಂದು ತಿಂಗಳು ಎಂದದ್ದು ಬಾಯಿಗೆ ಬಂದ ಲೆಕ್ಕವಾಗಿರಲಿಲ್ಲ.

ನನಗೆ ಇಟ್ಟಿಗೆ ಗಾರೆಗಿಂತ ಹತ್ತಿರದ ಹೋಲಿಕೆ ಸಗಣಿ ಸಾರಿಸಿದ ನೆಲ. ಊರಿನ ಹಳೇ ಮನೆಯಲ್ಲಿ ಪಡಸಾಲೆಗೆ ಮಾತ್ರ ಕಡಪ ಕಲ್ಲು, ಒಳಗೆಲ್ಲ ಮಣ್ಣು. ಅಮ್ಮ ವಾರಕ್ಕೊಮ್ಮೆ ಕುಕ್ಕರಗಾಲಲ್ಲಿ ಕೂತು, ಅಂಗೈಯಿಂದ ಅರ್ಧಚಂದ್ರ ಅರ್ಧಚಂದ್ರವಾಗಿ ಸಾರಿಸುತ್ತ ಹಿಂದಕ್ಕೆ ಸರಿಯುತ್ತಿದ್ದರು. ಎರಡು ವಾರ ತಪ್ಪಿದರೆ ನೆಲ ಪುಡಿ ಏಳುತ್ತಿತ್ತು, ಮೂಲೆಯಲ್ಲಿ ಇರುವೆ ಗೂಡು ಮಾಡುತ್ತಿತ್ತು. ದಪ್ಪಗೆ ಬಳಿದರೂ ಆಗದು, ಒಣಗುವಾಗ ಹಕ್ಕಳೆ ಎದ್ದು ಬರುತ್ತಿತ್ತು. ತೆಳ್ಳಗೆ, ಪದೇ ಪದೇ. ಆ ನೆಲವನ್ನು ಯಾರಾದರೂ ತೆಂಗಿನ ನಾರು ಹಿಡಿದು ಗಸಗಸ ಉಜ್ಜಿ ಚೊಕ್ಕಟ ಮಾಡುತ್ತೇನೆ ಎಂದು ಹೊರಟಿದ್ದರೆ ಅಮ್ಮ ಸುಮ್ಮನಿರುತ್ತಿದ್ದರೇ? ನಾವು ಮುಖಕ್ಕೆ ಮಾಡುವುದು ಅದನ್ನೇ.

ಸೋಪಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ನಾನೂ ಆರೋಪಿ. ಆರೋಗ್ಯವಾದ ಚರ್ಮದ ಮೇಲ್ಮೈ ಸ್ವಲ್ಪ ಹುಳಿ. ಪಿಎಚ್ ಲೆಕ್ಕದಲ್ಲಿ 4.5ರಿಂದ 5.5. ಎಣ್ಣೆಗೆ ಕ್ಷಾರ ಹಾಕಿ ಮಾಡಿದ ಸೋಪು, ಯಾವುದೇ ಆಗಲಿ, 9ರಿಂದ 10. ಅಂದರೆ ಪ್ರತಿ ಸಲ ಸೋಪು ಹಾಕಿದಾಗ ಹುಳಿ ಹೋಗುತ್ತದೆ, ಗಾರೆಯೂ ಅಷ್ಟಿಷ್ಟು ತೊಳೆದುಹೋಗುತ್ತದೆ. ಚರ್ಮ ಗಂಟೆಗಟ್ಟಲೆ ಕೂತು ಅದನ್ನು ಸರಿಮಾಡಿಕೊಳ್ಳಬೇಕು. ಎಳೆಯ ಚರ್ಮ ಮಾಡಿಕೊಳ್ಳುತ್ತದೆ. ಅರವತ್ತರ ಚರ್ಮಕ್ಕೆ ತ್ರಾಣ ಸಾಲದು. ಅದಕ್ಕೆ ಬೆಂಗಳೂರಿನ ಬೋರ್‌ವೆಲ್ ನೀರು ಸೇರಿದರೆ ಕೇಳಬೇಡಿ. ಆ ಗಡಸು ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಕೂಡಿ ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕಟ್ಟುತ್ತದಲ್ಲ, ಅದು ಮೈಮೇಲೂ ಕೂರುತ್ತದೆ. ಚಳಿಗಾಲದಲ್ಲಿ ಸುಡುಸುಡು ನೀರು ಹುಯ್ದುಕೊಂಡು, ಗಂಧದ ಸೋಪಿನಿಂದ ನೆತ್ತಿಯಿಂದ ಉಂಗುಷ್ಠದವರೆಗೆ ತಿಕ್ಕಿ, ಮಧ್ಯಾಹ್ನಕ್ಕೆ ಮೊಣಕಾಲಿನ ಕೆಳಗೆ ನವೆ ಎಂದು ಪರಪರ ಕೆರೆದುಕೊಳ್ಳುತ್ತಿದ್ದವನು ನಾನೇ. ಈಗ ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ. ಉಳಿದ ಮೈಗೆ ಉಗುರುಬೆಚ್ಚಗಿನ ನೀರು ಸಾಕು. ಕಾರ್ಖಾನೆಯಲ್ಲೋ ಗದ್ದೆಯಲ್ಲೋ ದುಡಿಯದ, ಕುರ್ಚಿಯಲ್ಲಿ ಕೂತು ಅಂಕಣ ಬರೆಯುವವನ ತೋಳಿಗೆ ಯಾವ ಕೊಳೆ ಮೆತ್ತುತ್ತದೆ?

ಹೆಸರುಹಿಟ್ಟು, ಕಡಲೆಹಿಟ್ಟು, ಸೀಗೆಪುಡಿ ಹಿಡಿದವರು ಈ ಮಾತು ಓದಿ ಮೀಸೆ ತಿರುವಬೇಕಿಲ್ಲ. ಹಿಟ್ಟು ಮೆತ್ತಗೆ ಜಾರಿದರೆ ಒಳ್ಳೆಯದು, ತರಿತರಿಯಾಗಿ ಉಜ್ಜಿದರೆ ಅದೂ ನಾರೇ. ಅಡುಗೆಮನೆಯಿಂದ ಬಂದದ್ದೆಲ್ಲ ಮುಖಕ್ಕೆ ಒಗ್ಗುವುದಿಲ್ಲ. ನಿಂಬೆರಸದ ಪಿಎಚ್ ಎರಡರ ಆಸುಪಾಸು. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ನಿಂಬೆಯಲ್ಲಿರುವ ಒಂದು ವಸ್ತು ಬಿಸಿಲಿನ ಜೊತೆ ಸೇರಿ ಸುಟ್ಟ ಗಾಯವನ್ನೇ ಮಾಡಬಲ್ಲದು, ಗಾಯ ಮಾಯ್ದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯಬಲ್ಲದು. ಮೊಡವೆಗೆ ಟೂತ್‌ಪೇಸ್ಟ್ ಹಚ್ಚುವ ಬುದ್ಧಿ ಯಾರದೋ ನಾನರಿಯೆ. ಹಣೆಗೆ ಅಂಟಿಸುವ ಸ್ಟಿಕ್ಕರ್ ಟಿಕಲಿಯ ಗೋಂದು ಕೆಲವರಿಗೆ ಒಗ್ಗದೆ, ಟಿಕಲಿಯಷ್ಟೇ ಅಗಲಕ್ಕೆ ಬಣ್ಣ ಹೋಗಿ ಬಿಳಿ ಬೊಟ್ಟು ನಿಲ್ಲುವುದನ್ನು ನಮ್ಮ ಚರ್ಮವೈದ್ಯರು ದಶಕಗಳಿಂದ ನೋಡುತ್ತ ಬಂದಿದ್ದಾರೆ. ತುರಿಕೆ ಶುರುವಾದ ದಿನವೇ ಅದನ್ನು ಕಿತ್ತು ಕನ್ನಡಿಗೆ ಅಂಟಿಸಿಬಿಡಬೇಕು.

ಗಾರೆ ಮೆತ್ತುವ ಕೆಲಸಕ್ಕೆ ನಮ್ಮಲ್ಲಿ ಹಿಂದಿನಿಂದಲೂ ಎಣ್ಣೆ ಇತ್ತು. ವಾಗ್ಭಟನ ಅಷ್ಟಾಂಗಹೃದಯದ ಎರಡನೇ ಅಧ್ಯಾಯದ ಹೆಸರೇ ದಿನಚರ್ಯೆ. ಮೈಗೆ ದಿನವೂ ಎಣ್ಣೆ ಹಚ್ಚಬೇಕು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಂದು ಅಲ್ಲಿದೆ. ಅಜೀರ್ಣವಾದವರಿಗೆ ಬೇಡ ಎಂದೂ ಇದೆ. ನಾವು ದಿನವನ್ನು ವಾರ ಮಾಡಿದೆವು, ವಾರವನ್ನು ನರಕ ಚತುರ್ದಶಿ ಮಾಡಿದೆವು. ವರ್ಷಕ್ಕೊಂದು ದಿನ ಹರಳೆಣ್ಣೆ ಸುರಿದು ಸೀಗೆಪುಡಿಯಿಂದ ಉಜ್ಜಿ ಉಜ್ಜಿ ತೆಗೆದರೆ ಹಬ್ಬವಾಯಿತೇ ಹೊರತು ಚರ್ಮಕ್ಕೆ ದಕ್ಕಿದ್ದು ಅಷ್ಟಕ್ಕಷ್ಟೆ. ಎಣ್ಣೆಯ ನಿಜವಾದ ಬೆಲೆ ತಿಳಿಯಬೇಕಿದ್ದರೆ ಢಾಕಾದ ಒಂದು ಆಸ್ಪತ್ರೆಯ ಕಡೆ ನೋಡಬೇಕು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಮೇಲ್ಚರ್ಮ ಇನ್ನೂ ಬಲಿತಿರುವುದಿಲ್ಲ, ರೋಗಾಣು ಸಲೀಸಾಗಿ ಒಳನುಗ್ಗುತ್ತದೆ. ಅಂಥ ಶಿಶುಗಳ ಮೈಗೆ ದಿನಾ ಸೂರ್ಯಕಾಂತಿ ಎಣ್ಣೆ ಸವರಿದಾಗ ರಕ್ತಕ್ಕೆ ತಗಲುವ ಸೋಂಕು ಇಳಿದದ್ದು ಕಂಡಿತು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ಚರ್ಮವೆಂದರೆ ಚಂದದ ಮಾತು ಎಂದುಕೊಂಡವರು ಆ ಕೂಸುಗಳನ್ನು ನೆನೆದುಕೊಂಡರೆ ಸಾಕು.

ಎಣ್ಣೆಯೋ, ಪೆಟ್ರೋಲಿಯಂ ಜೆಲ್ಲಿಯೋ, ಗ್ಲಿಸರಿನ್ ಇರುವ ಲೋಷನ್ನೋ, ಅದು ಜೇಬಿನ ಮೇಲೆ ಬಿಟ್ಟದ್ದು. ಮುಖದಲ್ಲಿ ಮೊಡವೆ ಏಳುವವರು ಕೊಬ್ಬರಿ ಎಣ್ಣೆಯನ್ನು ಕತ್ತಿನಿಂದ ಕೆಳಕ್ಕೆ ಇಟ್ಟುಕೊಳ್ಳುವುದು ಮೇಲು. ಹೊತ್ತು ಮುಖ್ಯ. ಸ್ನಾನ ಮುಗಿಸಿ ಟವೆಲಿನಿಂದ ಒತ್ತಿ, ಮೈಯಲ್ಲಿ ಇನ್ನೂ ತೇವ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಿಬಿಡಬೇಕು. ಒಣಗಿದ ಮೇಲೆ ಹಚ್ಚುವುದು ಹಾಲು ಚೆಲ್ಲಿದ ಮೇಲೆ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಮಂಗಳೂರಿನ ಬೆವರಿಗೆ ಸಾಕಾಗುವ ತೆಳು ಲೋಷನ್ ಜನವರಿಯ ಬೀದರಿನಲ್ಲಿ ಏನೂ ಆಗದು. ಅಲ್ಲಿ ಹಿಮ್ಮಡಿ ನೆಲದ ಹಾಗೆ ಬಿರುಕು ಬಿಡುತ್ತದೆ, ಗಟ್ಟಿ ಜಿಡ್ಡೇ ಬೇಕು. ಕರಾವಳಿಯಲ್ಲಿ ಏಪ್ರಿಲಿನಲ್ಲಿ ಅದನ್ನೇ ಬಳಿದರೆ ಬೆವರುಸಾಲೆ ಗ್ಯಾರಂಟಿ.

ಬಿಸಿಲಿಗೂ ನಮ್ಮವರ ಹತ್ತಿರ ಉತ್ತರವಿತ್ತು. ತುಳುನಾಡಿನ ಗದ್ದೆಯಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ, ಬಯಲುಸೀಮೆಯಲ್ಲಿ ರುಮಾಲು, ಕಳೆ ಕೀಳುವ ಹೆಂಗಸರು ಸೀರೆಯ ಮೇಲೆ ತೊಡುವ ಗಂಡನ ಹಳೇ ತುಂಬುತೋಳಿನ ಅಂಗಿ. ಈ ಅಂಗಿಗೆ ಇಂಗ್ಲಿಷ್ ಹೆಸರಿಟ್ಟು ಮಾರಿದರೆ ಸಾವಿರ ರೂಪಾಯಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತಂಪಾಗಿರುವುದರಿಂದ ಬಿಸಿಲೂ ಮೆತ್ತಗಿದೆ ಎಂದು ನಾವು ಮೋಸ ಹೋಗುತ್ತೇವೆ. ಎತ್ತರ ಏರಿದಷ್ಟೂ ಯುವಿ ಕಿರಣ ಹೆಚ್ಚು. ಮಾರ್ಚ್, ಏಪ್ರಿಲ್‌ನ ನಡುಹಗಲಲ್ಲಿ ಇಲ್ಲಿನ ಯುವಿ ಸೂಚ್ಯಂಕ 11 ಮುಟ್ಟುವುದುಂಟು, ಅಲ್ಲಿಂದ ಶುರುವಾಗುವುದು ಅಳತೆಗೋಲಿನ ಅತಿ ಮೇಲಿನ ವರ್ಗ.

ಸನ್‌ಸ್ಕ್ರೀನ್ ಹಚ್ಚುವವರಿಗೆ ಒಂದು ಗುಟ್ಟು. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಅಳೆಯುವಾಗ ಪ್ರಯೋಗಶಾಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬಳಿಯುತ್ತಾರೆ. ನಾವು ಅದರ ಅರ್ಧವನ್ನೂ ಹಚ್ಚುವುದಿಲ್ಲ. 30 ಎಂದು ಬರೆದದ್ದನ್ನು ತೆಳ್ಳಗೆ ಸವರಿದರೆ ಸಿಗುವ ರಕ್ಷಣೆ 30ರದ್ದಲ್ಲ. ಮುಖ ಕುತ್ತಿಗೆಗೆ ಎರಡು ಬೆರಳಿನ ಉದ್ದಕ್ಕೆ ಹಿಂಡಿಕೊಳ್ಳಬೇಕು, ಬಿಸಿಲಲ್ಲೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆ ಸಂಖ್ಯೆ ಹೇಳುವುದೂ ಉರಿಸುವ ಯುವಿ-ಬಿ ಬಗ್ಗೆ. ಡ್ರೈವರ್ ಕೈ ತಿಂದ ಯುವಿ-ಎಗೆ ಬೇರೆ ಗುರುತು ನೋಡಬೇಕು, ನಮ್ಮಲ್ಲಿ ಸಾಮಾನ್ಯವಾಗಿ ಪಿಎ ಎಂದು ಬರೆದು ಮುಂದೆ ಪ್ಲಸ್ ಚಿಹ್ನೆಗಳನ್ನು ಹಾಕಿರುತ್ತಾರೆ. ಕೆನ್ನೆಯ ಮೇಲೆ ಬಂಗು ಇರುವ ಹೆಂಗಸರಿಗೆ ಇಷ್ಟೂ ಸಾಲದು. ನಮ್ಮ ಬಣ್ಣದ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆಣಕುತ್ತದೆ. ಕಬ್ಬಿಣದ ಆಕ್ಸೈಡ್ ಬೆರೆಸಿದ, ಮೈಬಣ್ಣದ ಸನ್‌ಸ್ಕ್ರೀನ್ ಅದನ್ನು ಬಿಳಿಯದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದರೆ ಒಂದು ಟ್ಯೂಬು ಒಂದು ತಿಂಗಳು ಬಂದರೆ ಹೆಚ್ಚು. ಸಂಬಳದ ಡ್ರೈವರ್‌ಗೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಸಿಗ್ನಲ್ಲಿನಲ್ಲಿ ಮಾರುವ ಬಟ್ಟೆಯ ತೋಳುಚೀಲದ ಬಗ್ಗೆ ಹೇಳಿದೆ. "ಹಾಕ್ಕೋಬೋದು ಸಾರ್, ಬಲಗೈಗೊಂದೇ ಹಾಕ್ಕೊಂಡ್ರೆ ಏನಾಯ್ತು ಅಂತ ಎಲ್ಲಾ ಕೇಳ್ತಾರೆ" ಎಂದರು.

ಕಾಪಾಡುವುದಕ್ಕೆ ಇಷ್ಟು ಯೋಚಿಸುವ ನಾವು ಬಿಳಿಯಾಗುವುದಕ್ಕೆ ಯೋಚಿಸುವುದೇ ಇಲ್ಲ. 1975ರಲ್ಲಿ ಪೇಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಹೆಸರಿನಿಂದ 'ಫೇರ್' ಉದುರಲು 2020 ಬರಬೇಕಾಯಿತು. ಅದೇ 1975ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತವರ ಸಂಗಡಿಗರು ಬಂಗಿನಂಥ ಕಲೆಗಳಿಗೆ ಮೂರು ಮದ್ದು ಬೆರೆಸಿದ ಮುಲಾಮು ಬರೆದರು. ಅದರಲ್ಲಿ ಒಂದು ಸ್ಟೀರಾಯ್ಡ್. ವೈದ್ಯರ ಕಣ್ಣಳತೆಯಲ್ಲಿ ಕೆಲವೇ ವಾರಕ್ಕೆಂದು ಇದ್ದ ಆ ಬಗೆಯ ಮಿಶ್ರಣ ನಮ್ಮ ದೇಶದಲ್ಲಿ ಮೆಡಿಕಲ್ ಸ್ಟೋರಿನಿಂದ ನೇರವಾಗಿ ಹುಡುಗಿಯರ ದಿಂಬಿನ ಪಕ್ಕಕ್ಕೆ ಬಂತು. ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯಲ್ಲಿ ಕೂದಲು ಬರುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾಳು. ಇಂಥ ಮುಖಗಳಿಗೆ ಭಾರತದ ಚರ್ಮವೈದ್ಯರು 'ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ' ಎಂಬ ಅರ್ಥದ ಹೆಸರನ್ನೇ ಇಟ್ಟರು. ಅವರ ಒತ್ತಾಯದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಹೆಸರಿಲ್ಲದ, ಹೊರದೇಶದ ಲೇಬಲ್ಲಿನ ಬೆಳ್ಳಗಾಗುವ ಕ್ರೀಮುಗಳದ್ದು ಇನ್ನೊಂದು ಕಥೆ, ಅವುಗಳಲ್ಲಿ ಪಾದರಸ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಮೂತ್ರಪಿಂಡದ ತೊಂದರೆಯಿಂದ ಬಂದ ಕೆಲವರ ಕಾಯಿಲೆಯ ಜಾಡು ಹಿಡಿದು ಹೋದ ವೈದ್ಯರು ತಲುಪಿದ್ದು ಅಂಥ ಕ್ರೀಮಿನ ಡಬ್ಬಿಗೆ.

ಗಂಡಸರೇನು ಕಡಿಮೆ ಇಲ್ಲ. ನನಗೆ ತೊಡೆಸಂದಿಯಲ್ಲಿ ತುರಿಕೆ ಶುರುವಾದಾಗ ಡಾಕ್ಟರಿಗೆ ತೋರಿಸಲು ನಾಚಿ, ಮೆಡಿಕಲ್ ಸ್ಟೋರಿನಲ್ಲಿ ಪಿಸುಗುಟ್ಟಿ ಒಂದು ಟ್ಯೂಬು ತಂದೆ. ಮೂರೇ ದಿನದಲ್ಲಿ ಮಾಯ. ಹದಿನೈದನೇ ದಿನ ಮತ್ತೆ ಬಂತು, ಅಂಗೈ ಅಗಲದ ಬದಲು ಎರಡಂಗೈ ಅಗಲ. ಮತ್ತೆ ಹಚ್ಚಿದೆ. ಹೀಗೆ ಐದು ತಿಂಗಳು. ಕೊನೆಗೆ ಡಾಕ್ಟರು ಟ್ಯೂಬು ನೋಡಿ ತಲೆ ಚಚ್ಚಿಕೊಂಡರು: ಗಜಕರ್ಣದ ಶಿಲೀಂಧ್ರಕ್ಕೆ ಸ್ಟೀರಾಯ್ಡ್ ಹಾಕುವುದೆಂದರೆ ಕಳ್ಳನನ್ನು ಮನೆಯಲ್ಲಿ ಬಿಟ್ಟು ನಾಯಿಗೆ ಮತ್ತಿನ ಮದ್ದು ಕೊಟ್ಟಂತೆ. ಬೊಗಳುವುದು ನಿಂತಿತು, ಕಳ್ಳ ಒಳಗೇ ಉಳಿದ. ವಾಸಿಯಾಗಲು ಎರಡೂವರೆ ತಿಂಗಳು ಮಾತ್ರೆ ನುಂಗಿದೆ, ಚಡ್ಡಿ ಟವೆಲು ಬಿಸಿಲಲ್ಲೇ ಒಣಗಿಸಿದೆ.

ಆ ಡಾಕ್ಟರೇ ನನ್ನ ಪಾದ ನೋಡಿದ್ದು. ಸಕ್ಕರೆ ಕಾಯಿಲೆ ಒಂಬತ್ತು ವರ್ಷದಿಂದ ಇದೆ ಎಂದಾಗ, ಚಪ್ಪಲಿ ಬಿಡಿ ಎಂದರು. ಬೆರಳಸಂದಿ ಬಿಡಿಸಿ ನೋಡಿದರು, ಹಿಮ್ಮಡಿ ಒತ್ತಿದರು, ಸಣ್ಣ ನೈಲಾನ್ ಎಳೆಯಿಂದ ಅಲ್ಲಲ್ಲಿ ಚುಚ್ಚಿ ಗೊತ್ತಾಗುತ್ತಾ ಎಂದು ಕೇಳಿದರು. ಹೆಬ್ಬೆರಳಿನ ಬುಡದಲ್ಲಿ ನನಗೆ ಗೊತ್ತಾಗಲಿಲ್ಲ. "ಇಲ್ಲಿ ಮುಳ್ಳು ಚುಚ್ಚಿದ್ರೂ ನಿಮಗೆ ತಿಳಿಯಲ್ಲ. ಅದಕ್ಕೇ ಕಣ್ಣಲ್ಲಿ ನೋಡ್ಕೋಬೇಕು, ದಿನಾ" ಎಂದರು. ಮತ್ತೆ ಅದೇ ಎರಡಕ್ಷರ. ಪಾದಕ್ಕೆಲ್ಲ ಜಿಡ್ಡು ಹಚ್ಚಿ, ಬೆರಳಸಂದಿಗೆ ಮಾತ್ರ ಬೇಡ, ಅಲ್ಲಿ ತೇವ ನಿಂತರೆ ಕೊಳೆಯುತ್ತದೆ ಎಂಬುದು ಅವರು ಕೊಟ್ಟ ಇನ್ನೊಂದು ಸೂಚನೆ. ಮೈಮೇಲೆ ಎಲ್ಲಿಯಾದರೂ ಬಣ್ಣ ಮಾಸಿ, ಮುಟ್ಟಿದರೆ ಅರಿವಾಗದ ಮಚ್ಚೆ ಕಂಡರೆ ತಡಮಾಡದೆ ಬನ್ನಿ, ಕುಷ್ಠವನ್ನು ಮೊದಲಲ್ಲೇ ಹಿಡಿದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ, ಮಾತ್ರೆಗೆ ದುಡ್ಡೂ ಇಲ್ಲ ಎಂದರು. ಇಂಥವನ್ನು ಯಾವ ಸೀಸೆಯ ಲೇಬಲ್ಲಿನಲ್ಲೂ ನಾನು ಓದಿಲ್ಲ.

ಈಗ ರಾತ್ರಿ ಊಟವಾದ ಮೇಲೆ ಒಂದು ಕೈಗನ್ನಡಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಕಾಲು ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಮುಖ ನೋಡಿಕೊಳ್ಳುವ ವಯಸ್ಸಲ್ಲಿ ಪಾದ ನೋಡ್ಕೋತಾರೆ ನಿಮ್ಮ ಮಾವ ಎಂದು ನನ್ನ ಹೆಂಡತಿ ಹುಡುಗಿಯ ಹತ್ತಿರ ಹೇಳಿ ನಗುತ್ತಾಳೆ. ಬಚ್ಚಲ ಕಿಟಕಿ ಕಟ್ಟೆಯಲ್ಲಿ ಈಗ ಉಳಿದಿರುವುದು ನಾಲ್ಕೇ: ಮುಖ ತೊಳೆಯುವ ಮೆತ್ತನೆಯ ದ್ರಾವಣ, ದೊಡ್ಡ ಬಾಟಲಿಯ ಲೋಷನ್, ಸನ್‌ಸ್ಕ್ರೀನ್, ಮತ್ತು ಡಾಕ್ಟರು ಆರು ತಿಂಗಳ ಮೇಲೆ ಅವಳಿಗೆ ಮತ್ತೆ ಬರೆದುಕೊಟ್ಟ ಎ-ಜೀವಸತ್ವದ ಕ್ರೀಮು. ಅದನ್ನು ವಾರಕ್ಕೆ ಎರಡು ರಾತ್ರಿ, ಕಡಲೆಕಾಳಿನಷ್ಟು. ಮದುವೆಯಾಗಿ ಮಗುವಿನ ಯೋಚನೆ ಬಂದಾಗ ಮೊದಲು ಇದನ್ನು ನಿಲ್ಲಿಸಬೇಕು ಎಂದು ಚೀಟಿಯಲ್ಲೇ ಬರೆದಿದ್ದಾರೆ. ಲೋಷನ್ ಇಬ್ಬರದೂ ಒಂದೇ. ನಾನು ಕಾಲಿಗೆ, ಅವಳು ಮುಖಕ್ಕೆ.

ಮೊನ್ನೆ ವೈಟ್‌ಫೀಲ್ಡಿನಿಂದ ಅವಳು ಮನೆ ಮುಟ್ಟಿದಾಗ ರಾತ್ರಿ ಹನ್ನೊಂದೂಕಾಲು. ಮಳೆ, ಟ್ರಾಫಿಕ್ಕು. ಬ್ಯಾಗು ಎಸೆದು ಸೋಫಾದಲ್ಲಿ ಬಿದ್ದುಕೊಂಡಳು. ನಾನು ಕನ್ನಡಿಯ ಮೇಲೆ ಎಡಗಾಲು ಹಿಡಿದು ಕೂತಿದ್ದೆ.

"ಮಾವ, ಇವತ್ತೊಂದಿನ ಮುಖ ತೊಳೀದೆ ಮಲಗಿದ್ರೆ ಏನಾಗುತ್ತೆ?"

"ಏನೂ ಆಗಲ್ಲ."

ಅವಳು ಸ್ವಲ್ಪ ಹೊತ್ತು ಫ್ಯಾನ್ ನೋಡುತ್ತ ಮಲಗಿದ್ದಳು. ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ನಾನು ಕಾಲು ಬದಲಿಸಿದೆ.